ಮಾತು ತಿದ್ದಿದರು, ಮುಖ ಉಳಿಯಿತು: ವಿಕ್ಟೋರಿಯನ್ ಧಾರಾವಾಹಿ ಕಾದಂಬರಿಗಳ ಚಿತ್ರಗಳು

ಹೋದ ವರ್ಷ ಎಂಟನೇ ತರಗತಿಯಲ್ಲಿ 'ಆಲಿವರ್ ಟ್ವಿಸ್ಟ್' ಕಥೆಯ ಸಂಕ್ಷಿಪ್ತ ಪುಸ್ತಕ ಓದಿಸುತ್ತಿದ್ದೆ. ಅದರಲ್ಲಿ ಹಳೆಯ ಕಾಲದ ಚಿತ್ರಗಳನ್ನೇ ಹಾಕಿದ್ದರು. ಫೇಗಿನ್ ಎಂಬ ಮುದುಕ ಮೊದಲ ಸಲ ಬರುವ ಪುಟ ತೆರೆದ ಕೂಡಲೇ ಒಬ್ಬಳು ಹುಡುಗಿ ಕೈ ಎತ್ತಿ, "ಟೀಚರ್, ಇವನು ಕಳ್ಳ ಅಲ್ವಾ?" ಅಂದಳು. ನಾವಿನ್ನೂ ಆ ಪುಟದ ಒಂದು ಸಾಲನ್ನೂ ಓದಿರಲಿಲ್ಲ. "ನಿನಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿದೆ. "ಮೂಗು ನೋಡಿ, ಗಡ್ಡ ನೋಡಿ" ಅಂದಳು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ.

ಮನೆಗೆ ಬಂದ ಮೇಲೆ ಆ ನಗು ಅಷ್ಟು ಹಗುರ ಅನ್ನಿಸಲಿಲ್ಲ. ಅವಳನ್ನು ಶಾಲೆಗೆ ಬಿಡಲು ಬರುವ ದಾದಾ ಅವರನ್ನು ನಾನು ದಿನಾ ನೋಡುತ್ತೇನೆ. ಅವರಿಗೂ ಉದ್ದನೆಯ ಗಡ್ಡವಿದೆ. ಗಡ್ಡ ನೋಡಿ ಕಳ್ಳ ಅಂತ ತೀರ್ಮಾನ ಮಾಡೋದನ್ನು ಆ ಮಗುವಿಗೆ ಯಾರು ಕಲಿಸಿದರು? ನಾನಂತೂ ಕಲಿಸಿಲ್ಲ, ಅವಳ ಮನೆಯವರೂ ಕಲಿಸಿರಲಿಕ್ಕಿಲ್ಲ. ಆ ಪುಟದ ಮಟ್ಟಿಗೆ ಕಲಿಸಿದ್ದು ಒಂದು ಚಿತ್ರ. ಅದನ್ನು ಬರೆದದ್ದು 1837ರಲ್ಲಿ, ಲಂಡನ್ನಿನಲ್ಲಿ. ಆ ಚಿತ್ರ ಅಲ್ಲಿಂದ ನಮ್ಮ ಮಕ್ಕಳ ಕೈಗೆ ಹೇಗೆ ಬಂತು, ದಾರಿಯಲ್ಲಿ ಏನೇನು ಮಾಡಿತು ಅನ್ನೋದನ್ನು ನಿಮ್ಮ ಜೊತೆ ಸ್ವಲ್ಪ ವಿವರವಾಗಿ ಹಂಚಿಕೊಳ್ಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಒಂದು ಶಿಲಿಂಗಿನ ಕಂತು

ಸುಧಾ, ತರಂಗ ಓದಿ ಬೆಳೆದವರಿಗೆ ಧಾರಾವಾಹಿ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ಉರ್ದುವಿನಲ್ಲಿ ಇದನ್ನೇ ಕಿಸ್ತ್‌ವಾರ್ ಅನ್ನುತ್ತೇವೆ. ಮುಂದಿನ ಕಂತಿಗಾಗಿ ಕಾಯುವ ಸುಖ, ಸಂಕಟ ಎರಡೂ ನಮಗೆ ಗೊತ್ತು. ಇಂಗ್ಲೆಂಡಿನಲ್ಲಿ ಈ ಪದ್ಧತಿಯನ್ನು ಮನೆಮನೆಗೆ ಮುಟ್ಟಿಸಿದ್ದು ಚಾರ್ಲ್ಸ್ ಡಿಕನ್ಸ್‌ನ 'ಪಿಕ್‌ವಿಕ್ ಪೇಪರ್ಸ್'. ಅದರ ಮೊದಲ ಕಂತು ಬಂದದ್ದು 1836ರ ಏಪ್ರಿಲ್‌ನಲ್ಲಿ.

ಆಗ ಹೊಸ ಕಾದಂಬರಿ ಸಾಮಾನ್ಯವಾಗಿ ಮೂರು ಸಂಪುಟಗಳಲ್ಲಿ ಬರುತ್ತಿತ್ತು. ಬೆಲೆ 31 ಶಿಲಿಂಗ್ 6 ಪೆನ್ಸ್. ಸಾಧಾರಣ ಸಂಸಾರದವರಿಗೆ ಅದು ಕೈಗೆಟುಕದ ಬೆಲೆ. ಧಾರಾವಾಹಿಯಾದರೆ ತಿಂಗಳಿಗೆ ಒಂದು ಶಿಲಿಂಗ್ ಕೊಟ್ಟರೆ ಸಾಕು, ಒಂದು ತೆಳುವಾದ ಕಂತು ಕೈಗೆ ಬರುತ್ತಿತ್ತು. ಬಣ್ಣದ ಕಾಗದದ ರಕ್ಷಾಪುಟ, ಒಳಗೆ 32 ಪುಟ ಕಥೆ, ಎರಡು ಚಿತ್ರ. ಹೀಗೆ ಹತ್ತೊಂಬತ್ತು ತಿಂಗಳು ನಡೆದು ಕಥೆ ಮುಗಿಯುತ್ತಿತ್ತು. 'ಪಿಕ್‌ವಿಕ್' ಸುಮಾರು ಸಾವಿರ ಪ್ರತಿಗಳಿಂದ ಶುರುವಾಗಿ ಕೊನೆಗೆ ತಿಂಗಳಿಗೆ ನಲವತ್ತು ಸಾವಿರ ಮುಟ್ಟಿತು.

ಈ ಕಾದಂಬರಿ ಹುಟ್ಟಿದ್ದೇ ಚಿತ್ರಗಳ ಕಾರಣದಿಂದ. ರಾಬರ್ಟ್ ಸೀಮೋರ್ ಎಂಬ ಹೆಸರಾಂತ ಚಿತ್ರಗಾರ ಇದ್ದ. ಬೇಟೆ, ಮೀನು ಹಿಡಿಯೋದು ಅಂತ ಹೊರಟು ಪೇಚಿಗೆ ಸಿಕ್ಕಿಕೊಳ್ಳುವ ಪಟ್ಟಣದವರ ತಮಾಷೆಯ ಚಿತ್ರಗಳನ್ನು ಬರೆಯುವುದು ಅವನ ಯೋಜನೆ. ಅದಕ್ಕೆ ಹೊಂದುವ ನಾಲ್ಕು ಮಾತು ಬರೆಯಲು ಚಾಪ್‌ಮನ್ ಅಂಡ್ ಹಾಲ್ ಪ್ರಕಾಶಕರು ಹುಡುಕಿದ್ದು 24 ವರ್ಷದ ಡಿಕನ್ಸ್‌ನನ್ನು. ಕಥೆ ಮುಂದೆ ಹೋಗಬೇಕು, ಚಿತ್ರ ಅದರ ಹಿಂದೆ ಬರಬೇಕು ಅಂತ ಹುಡುಗ ಪಟ್ಟು ಹಿಡಿದ. ಮೊದಲ ಕಂತು ಹೊರಬಂದ ಕೆಲವೇ ದಿನಗಳಲ್ಲಿ, ಏಪ್ರಿಲ್ 20ರಂದು, ಸೀಮೋರ್ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟ. ಅವನ ಜಾಗಕ್ಕೆ ಬಂದ ಇನ್ನೊಬ್ಬನ ಕೆಲಸ ಹಿಡಿಸಲಿಲ್ಲ. ಆಮೇಲೆ ಬಂದವನು ಹ್ಯಾಬ್ಲೋ ನೈಟ್ ಬ್ರೌನ್. 'ಫಿಜ್' ಎಂಬ ಹೆಸರಿನಲ್ಲಿ ಅವನು ಇಪ್ಪತ್ತಕ್ಕೂ ಹೆಚ್ಚು ವರ್ಷ ಡಿಕನ್ಸ್‌ಗೆ ಚಿತ್ರ ಬರೆದ. ಆದರೂ ಗುಂಡು ಹೊಟ್ಟೆ, ಬೋಳು ತಲೆ, ಕನ್ನಡಕದ ಮಿಸ್ಟರ್ ಪಿಕ್‌ವಿಕ್‌ಗೆ ಆ ರೂಪ ಕೊಟ್ಟವನು ಸತ್ತುಹೋದ ಸೀಮೋರ್. ಅದನ್ನು ಫಿಜ್ ಬದಲಾಯಿಸಲಿಲ್ಲ, ಬದಲಾಯಿಸಿದ್ದರೆ ಓದುಗರು ಒಪ್ಪುತ್ತಲೂ ಇರಲಿಲ್ಲ. ಒಂದು ಮುಖ ಜನರ ಕಣ್ಣಿಗೆ ಒಮ್ಮೆ ಹತ್ತಿಕೊಂಡರೆ ಅದನ್ನು ಕಿತ್ತುಹಾಕೋದು ಕಷ್ಟ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಣ್ಣು ಮೊದಲು, ಓದು ಆಮೇಲೆ

ಈಗ ಒಂದು ಸಣ್ಣ ತಾಂತ್ರಿಕ ವಿಷಯ. ಆ ಕಾಲದ ಅಕ್ಷರಗಳನ್ನು ಅಚ್ಚುಮೊಳೆ ಜೋಡಿಸಿ ಮುದ್ರಿಸುತ್ತಿದ್ದರು. ಫಿಜ್‌ನಂಥವರ ಚಿತ್ರ ಮಾತ್ರ ಉಕ್ಕಿನ ಫಲಕದ ಮೇಲೆ ತಯಾರಾಗುತ್ತಿತ್ತು. ಫಲಕಕ್ಕೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ಆಸಿಡ್ ಬಿಟ್ಟರೆ ಗೀಚಿದ ಕಡೆ ಲೋಹ ಕೊರೆಯುತ್ತದೆ. ಆ ಗೆರೆಗಳಲ್ಲಿ ಮಸಿ ತುಂಬಿ ಕಾಗದದ ಮೇಲೆ ಒತ್ತುತ್ತಾರೆ. ಇದನ್ನು ಮೊಳೆಗಳ ಜೊತೆ ಒಂದೇ ಯಂತ್ರದಲ್ಲಿ ಮುದ್ರಿಸಲು ಬರುವುದಿಲ್ಲ. ಹಾಗಾಗಿ ಚಿತ್ರಗಳನ್ನು ಬೇರೆ ಕಾಗದದ ಮೇಲೆ ಮುದ್ರಿಸಿ ಕಂತಿನ ಆರಂಭದಲ್ಲೇ ಸೇರಿಸಿ ಹೊಲಿಯುತ್ತಿದ್ದರು.

ಇದರ ಪರಿಣಾಮ ಏನು ಅಂತ ಯೋಚಿಸಿ. ಓದುಗ ಕಂತು ಬಿಡಿಸಿದ ಕೂಡಲೇ ಆ ತಿಂಗಳ ಎರಡು ಮುಖ್ಯ ಘಟನೆಗಳ ಚಿತ್ರ ಕಣ್ಣಿಗೆ ಬಿತ್ತು. ಕಥೆ ಇನ್ನೂ ಶುರುವಾಗಿಲ್ಲ, ಆದರೆ ಯಾರೋ ಬಿದ್ದಿದ್ದಾರೆ, ಯಾರೋ ಅಳುತ್ತಿದ್ದಾರೆ, ಯಾರೋ ಬಾಗಿಲ ಹಿಂದೆ ನಿಂತಿದ್ದಾರೆ ಅನ್ನೋದು ಗೊತ್ತಾಯಿತು. ಆಮೇಲೆ 32 ಪುಟ ಓದುವಾಗ ಅವನ ಮನಸ್ಸು ಆ ಚಿತ್ರದ ಕಡೆಗೇ ನಡೆಯುತ್ತಿತ್ತು. ಇಂದು ನಾವು ಓದುವ ಪುಸ್ತಕಗಳಲ್ಲಿ ಚಿತ್ರಗಳನ್ನು ಅದದೇ ಸನ್ನಿವೇಶದ ಪಕ್ಕದಲ್ಲಿ ಹಾಕಿರುತ್ತಾರೆ, ಇಲ್ಲವೇ ಪೂರ್ತಿ ತೆಗೆದುಹಾಕಿರುತ್ತಾರೆ. ಆಗ ನಾವು ಓದೋದು ಅದೇ ಮಾತುಗಳನ್ನು, ಆದರೆ ಅನುಭವ ಅದೇ ಅಲ್ಲ.

'ಬ್ಲೀಕ್ ಹೌಸ್' (1852-53) ನೋಡಿ. ಅದರ ನಲವತ್ತು ಚಿತ್ರಗಳಲ್ಲಿ ಹತ್ತನ್ನು ಫಿಜ್ ಬೇರೆ ರೀತಿಯಲ್ಲಿ ಮಾಡಿದ. ಮೊದಲು ಯಂತ್ರದಿಂದ ಫಲಕದ ತುಂಬ ಒತ್ತೊತ್ತಾಗಿ ಗೆರೆ ಎಳೆಸಿ, ಅದರ ಮೇಲೆ ಚಿತ್ರ ಬರೆದ. ಮುದ್ರಿಸಿದಾಗ ಎಲ್ಲವೂ ಮಬ್ಬುಗತ್ತಲಲ್ಲಿ ಮುಳುಗಿದ ಹಾಗೆ ಕಾಣುತ್ತದೆ. ಟಾಮ್-ಆಲ್-ಅಲೋನ್ಸ್ ಎಂಬ ಕೊಳೆಗೇರಿಯ ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಬೀಳದಿರಲೆಂದು ಮರದ ತೊಲೆಗಳ ಆಸರೆ ಕೊಟ್ಟ ಮನೆಗಳು, ಹಿಂದೆ ಚರ್ಚಿನ ಗೋಪುರ, ಅಷ್ಟೇ. ಅಲ್ಲಿ ಜನ ಬದುಕುತ್ತಾರೆ, ಜ್ವರ ಬಂದು ಸಾಯುತ್ತಾರೆ ಅಂತ ಡಿಕನ್ಸ್ ಪುಟಗಟ್ಟಲೆ ಬರೆಯುತ್ತಾನೆ. ಫಿಜ್ ಆ ಜನರನ್ನೇ ತೆಗೆದು ಖಾಲಿ ಬೀದಿ ತೋರಿಸುತ್ತಾನೆ. ಆ ಜನರನ್ನು ಕಣ್ಣೆತ್ತಿ ನೋಡುವವರೇ ಇಲ್ಲ ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ಹೇಳೋದು ಹೇಗೆ?

ಕಥೆಯ ಕೊನೆಯ ಭಾಗದಲ್ಲಿ ಲೇಡಿ ಡೆಡ್‌ಲಾಕ್ ಮನೆ ಬಿಟ್ಟು ಹೋಗುತ್ತಾಳೆ, ಮಗಳು ಎಸ್ತರ್ ರಾತ್ರಿಯಿಡೀ ಹುಡುಕುತ್ತಾಳೆ. ಬಡ ಹೆಂಗಸೊಬ್ಬಳ ಬಟ್ಟೆ ತೊಟ್ಟು ಬಿದ್ದಿರುವುದು ತನ್ನ ತಾಯಿಯೇ ಅಂತ ಎಸ್ತರ್‌ಗೆ ತಿಳಿಯುವುದು ಅಧ್ಯಾಯದ ಕಟ್ಟಕಡೆಯಲ್ಲಿ. ಸ್ಮಶಾನದ ಗೇಟಿನ ಬಳಿ ಕುಸಿದು ಬಿದ್ದ ಹೆಣ್ಣಿನ ಚಿತ್ರ ಮಾತ್ರ ಓದುಗನ ಮುಂದೆ ಮೊದಲೇ ಇದೆ. ಎಸ್ತರ್ ಹುಡುಕುತ್ತಿದ್ದಾಳೆ, ನಮಗೆ ಭಯ ಶುರುವಾಗಿಬಿಟ್ಟಿದೆ. ಆ ಭಯವನ್ನು ಚಿತ್ರ ಕೊಟ್ಟದ್ದು.

ಬರಹ ಹೇಳದ್ದನ್ನು ಚಿತ್ರ ಹೇಳಿದಾಗ

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ವಿಲಿಯಂ ಥ್ಯಾಕರೆ ಹುಟ್ಟಿದ್ದು ಕಲ್ಕತ್ತದಲ್ಲಿ, 1811ರಲ್ಲಿ. ಸೀಮೋರ್ ಸತ್ತ ಮೇಲೆ 'ಪಿಕ್‌ವಿಕ್'ಗೆ ಚಿತ್ರ ಬರೆಯುತ್ತೇನೆಂದು ಡಿಕನ್ಸ್ ಬಳಿ ಹೋಗಿ ಕೆಲಸ ಸಿಗದೆ ಬಂದವನು. ಮುಂದೆ ತಾನೇ ದೊಡ್ಡ ಕಾದಂಬರಿಕಾರನಾಗಿ 'ವ್ಯಾನಿಟಿ ಫೇರ್' (1847-48) ಬರೆದಾಗ ಅದರ ಚಿತ್ರಗಳನ್ನೂ ತಾನೇ ಬರೆದ.

ಆ ಕಥೆಯ ಬೆಕಿ ಶಾರ್ಪ್ ಜಾಣೆ, ಬಡವಿ, ಮೇಲೆ ಬರಲು ಏನು ಮಾಡಲೂ ಸಿದ್ಧಳಾದವಳು. ಕೊನೆಯಲ್ಲಿ ಅವಳು ಜೋಸ್ ಸೆಡ್ಲಿ ಎಂಬ ದಪ್ಪ ಮನುಷ್ಯನ ಜೊತೆ ಇರುತ್ತಾಳೆ. ಕಂಪನಿ ಸರ್ಕಾರದಲ್ಲಿ ಕಲೆಕ್ಟರ್ ಆಗಿ ದುಡ್ಡು ಮಾಡಿಕೊಂಡು ಬಂದವನು ಅವನು. ಅವನ ಹೆಸರಿನಲ್ಲಿ ಜೀವವಿಮೆ ಮಾಡಿಸಿದ್ದಾಗಿದೆ. ಸ್ವಲ್ಪ ದಿನದಲ್ಲಿ ಅವನು ಸಾಯುತ್ತಾನೆ. ಬೆಕಿ ಕೊಂದಳು ಅಂತ ಥ್ಯಾಕರೆ ಎಲ್ಲೂ ಬರೆಯುವುದಿಲ್ಲ. ಆದರೆ ಚಿತ್ರ ನೋಡಿ. ಜೋಸ್ ಹೆದರಿಕೊಂಡು ಸ್ನೇಹಿತನ ಮುಂದೆ ಕೈ ಜೋಡಿಸುತ್ತಿದ್ದಾನೆ. ಪರದೆಯ ಹಿಂದೆ ಬೆಕಿ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ. ಕೆಳಗಿನ ಶೀರ್ಷಿಕೆ ಅವಳನ್ನು ಕ್ಲೈಟೆಮ್‌ನೆಸ್ಟ್ರಾ ಎಂದು ಕರೆಯುತ್ತದೆ. ಗ್ರೀಕ್ ಕಥೆಯಲ್ಲಿ ಗಂಡನನ್ನು ಕೊಂದವಳ ಹೆಸರು ಅದು. ಲೇಖಕ ಬಾಯಿ ಬಿಡಲಿಲ್ಲ, ಅವನ ಸೂಜಿ ಹೇಳಿಬಿಟ್ಟಿತು. ಹಾಗಾದರೆ ಕೊಲೆ ನಡೆದದ್ದು ನಿಜವಾ? ಬರಹ ಮಾತ್ರ ಓದಿದವರು "ಗೊತ್ತಿಲ್ಲ" ಅನ್ನುತ್ತಾರೆ, ಚಿತ್ರವನ್ನೂ ಓದಿದವರು ಅಷ್ಟು ಸುಲಭವಾಗಿ ಹಾಗೆ ಅನ್ನಲಾರರು.

ಡಿಕನ್ಸ್‌ನ ಕೊನೆಯ ಕಾದಂಬರಿ 'ಎಡ್ವಿನ್ ಡ್ರೂಡ್' ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಹನ್ನೆರಡು ಕಂತು ಬರಬೇಕಿತ್ತು. 1870ರ ಜೂನ್ 9ರಂದು ಡಿಕನ್ಸ್ ತೀರಿಕೊಂಡ, ಕಥೆ ಆರು ಕಂತಿಗೆ ನಿಂತಿತು. ಡ್ರೂಡ್ ಸತ್ತನೋ ಬದುಕಿದ್ದಾನೋ ಯಾರಿಗೂ ಗೊತ್ತಿಲ್ಲ. ಅಂದಿನಿಂದ ಜನ ಉತ್ತರ ಹುಡುಕುತ್ತಿರುವುದು ರಕ್ಷಾಪುಟದ ಚಿತ್ರದಲ್ಲಿ. ಅದರ ಕೆಳಭಾಗದಲ್ಲಿ ಲಾಟೀನು ಹಿಡಿದವನೊಬ್ಬ ಕತ್ತಲ ಕೋಣೆಯಲ್ಲಿ ನಿಂತ ಯುವಕನನ್ನು ಕಾಣುತ್ತಾನೆ. ಅವನು ಡ್ರೂಡ್‌ನಾ, ಬೇರೆಯವನಾ, ಭೂತವಾ ಅಂತ ಇವತ್ತಿಗೂ ವಾದ ನಿಂತಿಲ್ಲ. ಒಳಪುಟಗಳ ಚಿತ್ರ ಬರೆದ ಲ್ಯೂಕ್ ಫೈಲ್ಡ್ಸ್ ಎಷ್ಟೋ ವರ್ಷದ ಮೇಲೆ, 1905ರಲ್ಲಿ, ಒಂದು ಮಾತು ಹೊರಗೆ ಹಾಕಿದ. ಜಾಸ್ಪರ್ ಎಂಬ ಪಾತ್ರಕ್ಕೆ ಕುತ್ತಿಗೆಗೆ ಎರಡು ಸುತ್ತು ಬರುವಷ್ಟು ಉದ್ದದ ವಸ್ತ್ರ ಬರೆಯಬೇಕು ಅಂತ ಡಿಕನ್ಸ್ ಹೇಳಿದ್ದನಂತೆ. ಯಾಕೆ ಅಂತ ಕೇಳಿದಾಗ, ಜಾಸ್ಪರ್ ಡ್ರೂಡ್‌ನ ಕುತ್ತಿಗೆ ಬಿಗಿಯೋದು ಅದರಿಂದಲೇ ಅಂತ ಗುಟ್ಟಾಗಿ ತಿಳಿಸಿದನಂತೆ. ಓದುಗರಿಗೆ ಹೇಳದ ಗುಟ್ಟನ್ನು ಲೇಖಕ ಚಿತ್ರಗಾರನಿಗೆ ಹೇಳಿದ್ದ.

ಇದೇ ಕಾದಂಬರಿಯ ಆರಂಭ ನಡೆಯುವುದು ಲಂಡನ್ನಿನ ಒಂದು ಅಫೀಮು ಕೋಣೆಯಲ್ಲಿ. ಹಾಸಿಗೆಯ ಮೇಲೆ ಒಬ್ಬ ಚೀನೀಯ, ಒಬ್ಬ 'ಲಾಸ್ಕರ್' ಅಮಲಿನಲ್ಲಿ ಬಿದ್ದಿದ್ದಾರೆ. ಉರ್ದು ಬಲ್ಲವರ ಕಿವಿಗೆ ಆ ಪದ ತಕ್ಷಣ ಸಿಗುತ್ತದೆ: ಅದು ನಮ್ಮ 'ಲಷ್ಕರ್'. ಫಾರ್ಸಿಯಲ್ಲಿ ಸೈನ್ಯ ಅಂತ ಅರ್ಥ. ಬ್ರಿಟಿಷ್ ಹಡಗುಗಳಲ್ಲಿ ದುಡಿದ ಹಿಂದೂಸ್ತಾನದ ನಾವಿಕರನ್ನು ಹಾಗೆ ಕರೆಯುತ್ತಿದ್ದರು, ಅವರಲ್ಲಿ ಬಹಳಷ್ಟು ಮಂದಿ ಮುಸ್ಲಿಮರು. ಕಡಿಮೆ ಕೂಲಿಗೆ ಸಮುದ್ರ ದಾಟಿಸಿ, ಲಂಡನ್ ಬಂದರಿನಲ್ಲಿ ಚಳಿಯಲ್ಲಿ ಬಿಟ್ಟವರೂ ಇದ್ದರು. ಕಾದಂಬರಿಯಲ್ಲಿ ಅವನಿಗೆ ಹೆಸರಿಲ್ಲ, ಊರಿಲ್ಲ, ಮನೆಯವರಿಲ್ಲ. ಆ ಕೋಣೆಯನ್ನು ಫೈಲ್ಡ್ಸ್ ಚಿತ್ರವಾಗಿಯೂ ತೋರಿಸಿದ. ಅಂಥ ನಾವಿಕನನ್ನು ಎಂದೂ ನೋಡದ ಇಂಗ್ಲಿಷ್ ಮನೆಗಳಲ್ಲಿ ಅವನ ಪರಿಚಯವಾದದ್ದು ಹೀಗೆ.

ಶ್ರೀರಂಗಪಟ್ಟಣದ ಕಥೆಗೂ ಇದರ ನಂಟಿದೆ. ವಿಲ್ಕಿ ಕಾಲಿನ್ಸ್‌ನ 'ದಿ ಮೂನ್‌ಸ್ಟೋನ್' (1868) ಶುರುವಾಗೋದೇ 1799ರ ಶ್ರೀರಂಗಪಟ್ಟಣದ ಲೂಟಿಯಿಂದ. ಟಿಪ್ಪು ಸುಲ್ತಾನ್ ಶಹೀದರಾದ ದಿನ ಒಬ್ಬ ಇಂಗ್ಲಿಷ್ ಅಧಿಕಾರಿ ಅರಮನೆಯಿಂದ ವಜ್ರ ಕದಿಯುತ್ತಾನೆ. ಲಂಡನ್ನಿನಲ್ಲಿ ಅದು ಬಂದ ಎರಡು ಪೆನ್ಸಿನ ವಾರಪತ್ರಿಕೆ 'ಆಲ್ ದಿ ಇಯರ್ ರೌಂಡ್'ನಲ್ಲಿ ಚಿತ್ರಗಳೇ ಇರಲಿಲ್ಲ. ಅದೇ ಹೊತ್ತಿಗೆ ನ್ಯೂಯಾರ್ಕಿನ 'ಹಾರ್ಪರ್ಸ್ ವೀಕ್ಲಿ' ಅದನ್ನು ಚಿತ್ರಗಳ ಸಮೇತ ಪ್ರಕಟಿಸಿತು. ವಜ್ರ ಹುಡುಕಿಕೊಂಡು ಬರುವ ಮೂವರು ಹಿಂದೂಸ್ತಾನಿಗಳ ಮುಖವನ್ನು ಲಂಡನ್ನಿನ ಓದುಗ ತಾನೇ ಊಹಿಸಿಕೊಳ್ಳಬೇಕಿತ್ತು. ಅಮೆರಿಕದ ಓದುಗನಿಗೆ ಚಿತ್ರಗಳು ಸಿದ್ಧವಾಗಿ ಬಂದವು. ಮಾತು ಅದೇ, ಓದು ಎರಡು ಬಗೆ.

ಫೇಗಿನ್‌ನ ಮುಖ

ಈಗ ನಮ್ಮ ಹುಡುಗಿಯ ಪ್ರಶ್ನೆಗೆ ಬರೋಣ.

'ಆಲಿವರ್ ಟ್ವಿಸ್ಟ್' 1837ರ ಫೆಬ್ರವರಿಯಿಂದ 1839ರ ಏಪ್ರಿಲ್‌ವರೆಗೆ 'ಬೆಂಟ್ಲೀಸ್ ಮಿಸಲನಿ' ಮಾಸಪತ್ರಿಕೆಯಲ್ಲಿ ಬಂತು. ಚಿತ್ರ ಬರೆದವನು ಜಾರ್ಜ್ ಕ್ರುಯಿಕ್‌ಶಾಂಕ್, ಆಗ ಡಿಕನ್ಸ್‌ಗಿಂತ ಹೆಸರುವಾಸಿ. ವರ್ಕ್‌ಹೌಸ್ ಎಂಬ ಬಡವರ ದುಡಿಮೆಮನೆಯಲ್ಲಿ ಬಟ್ಟಲು ಹಿಡಿದು ಇನ್ನಷ್ಟು ಗಂಜಿ ಕೇಳುವ ಪುಟ್ಟ ಹುಡುಗನ ಚಿತ್ರ ಅವನದೇ. 1834ರ ಬಡವರ ಕಾನೂನು ಎಷ್ಟು ಕ್ರೂರ ಅನ್ನೋದನ್ನು ಲೇಖನಗಳಿಗಿಂತ ಹೆಚ್ಚಾಗಿ ಜನರ ಮನಸ್ಸಿಗೆ ಇಳಿಸಿದ್ದು ಆ ಬಟ್ಟಲು. ಚಿತ್ರದ ಒಳ್ಳೆಯ ಶಕ್ತಿ ಅದು.

ಅದೇ ಕೈ ಫೇಗಿನ್‌ನನ್ನೂ ಬರೆಯಿತು. ಫೇಗಿನ್ ಯಹೂದಿ. ಮಕ್ಕಳಿಗೆ ಜೇಬುಗಳ್ಳತನ ಕಲಿಸುವವನು. ಬೆಂಕಿಯ ಮುಂದೆ, ಕೈಯಲ್ಲಿ ಮುಳ್ಳುಕೋಲಿನಂಥ ಉದ್ದ ಫೋರ್ಕ್ ಹಿಡಿದು ಅಡುಗೆ ಮಾಡುತ್ತ ನಿಂತಿರುವಂತೆ ಡಿಕನ್ಸ್ ಅವನನ್ನು ಪರಿಚಯಿಸುತ್ತಾನೆ. ಬೆಂಕಿ, ಫೋರ್ಕ್: ಕ್ರೈಸ್ತ ಓದುಗರಿಗೆ ಸೈತಾನನ ನೆನಪಾಗಲು ಇಷ್ಟು ಸಾಕು. ಕ್ರುಯಿಕ್‌ಶಾಂಕ್ ಅದಕ್ಕೆ ಕೊಕ್ಕೆ ಮೂಗು, ಗಡ್ಡ, ಬಾಗಿದ ಬೆನ್ನು ಸೇರಿಸಿದ. ಯಹೂದಿ ಅಂದರೆ ಹೀಗಿರುತ್ತಾನೆ ಅಂತ ಯುರೋಪಿನ ವ್ಯಂಗ್ಯಚಿತ್ರಗಳು ಹಿಂದಿನಿಂದ ತೋರಿಸುತ್ತ ಬಂದದ್ದೇ ಅದು. ಆಗಿನ ಇಂಗ್ಲೆಂಡಿನಲ್ಲಿ ಯಹೂದಿಗಳು ಪಾರ್ಲಿಮೆಂಟಿನಲ್ಲಿ ಕೂರುವಂತಿರಲಿಲ್ಲ. ಆ ಬಾಗಿಲು ತೆರೆದದ್ದು 1858ರಲ್ಲಿ. ಅಂಥ ಒಂದು ಸಣ್ಣ ಸಮುದಾಯದ ಬಗ್ಗೆ ಏನೂ ತಿಳಿಯದ ಸಾವಿರಾರು ಮನೆಗಳಿಗೆ ಆ ಮುಖ ಹೋಯಿತು.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ತಪ್ಪು ಚಿತ್ರಗಾರನದು ಮಾತ್ರ ಅಲ್ಲ, ಡಿಕನ್ಸ್ ಕೂಡ ಅವನನ್ನು ಹೆಸರಿಗಿಂತ ಹೆಚ್ಚಾಗಿ 'ಆ ಯಹೂದಿ' ಅಂತಲೇ ಕರೆದ. ಇನ್ನೊಂದು ಮಾತೂ ಇದೆ. ಗಲ್ಲಿಗೆ ಮುಂಚಿನ ರಾತ್ರಿ ಸೆರೆಕೋಣೆಯಲ್ಲಿ ಉಗುರು ಕಚ್ಚುತ್ತ ಕೂತ ಫೇಗಿನ್‌ನ ಚಿತ್ರವನ್ನೂ ಕ್ರುಯಿಕ್‌ಶಾಂಕ್ ಬರೆದ. ಅಲ್ಲಿ ಕಾಣೋದು ಸಾವಿಗೆ ಹೆದರಿದ ಒಬ್ಬ ಮನುಷ್ಯ. ಆದರೆ ಜನ ಹೊತ್ತುಕೊಂಡು ಹೋದದ್ದು ಆ ಭಯವನ್ನಲ್ಲ, ಮೂಗನ್ನು.

1863ರಲ್ಲಿ ಎಲೈಜಾ ಡೇವಿಸ್ ಎಂಬ ಯಹೂದಿ ಮಹಿಳೆ ಡಿಕನ್ಸ್‌ಗೆ ಒಂದು ಪತ್ರ ಬರೆದಳು. ಡಿಕನ್ಸ್‌ನ ಹಳೆಯ ಮನೆ ಕೊಂಡಿದ್ದು ಅವಳ ಗಂಡ, ಆ ಪರಿಚಯವಿತ್ತು. ಫೇಗಿನ್ ಮೂಲಕ ನಮ್ಮ ಜನಾಂಗಕ್ಕೆ ದೊಡ್ಡ ಅನ್ಯಾಯವಾಗಿದೆ ಅನ್ನೋದು ಅವಳ ದೂರು. ಡಿಕನ್ಸ್ ಮೊದಲು ತನ್ನನ್ನು ಸಮರ್ಥಿಸಿಕೊಂಡ, ಆದರೆ ಮಾತು ಅವನೊಳಗೆ ಇಳಿಯಿತು. 'ಅವರ್ ಮ್ಯೂಚುವಲ್ ಫ್ರೆಂಡ್' (1864-65) ಕಾದಂಬರಿಯಲ್ಲಿ ರಾಯಾ ಎಂಬ ಸಜ್ಜನ ಯಹೂದಿ ಮುದುಕನನ್ನು ತಂದ. 1867ರಲ್ಲಿ 'ಆಲಿವರ್ ಟ್ವಿಸ್ಟ್' ಮರುಮುದ್ರಣವಾದಾಗ, ಮುಖ್ಯವಾಗಿ ಕಥೆಯ ನಂತರದ ಭಾಗದಲ್ಲಿ, 'ಆ ಯಹೂದಿ' ಅನ್ನೋದನ್ನು ಎಷ್ಟೋ ಕಡೆ ತೆಗೆದು 'ಫೇಗಿನ್' ಅಂತ ಮಾಡಿದ. ಒಬ್ಬ ಸಾಮಾನ್ಯ ಓದುಗಳ ಪತ್ರಕ್ಕೆ ದೇಶದ ಅತಿ ದೊಡ್ಡ ಲೇಖಕ ತನ್ನ ಪುಸ್ತಕ ತಿದ್ದಿದ. ಇಬ್ಬರಿಗೂ ಸಲಾಂ ಹೇಳಬೇಕು.

ಆದರೆ ಚಿತ್ರ? ಅಚ್ಚುಮೊಳೆ ಕಿತ್ತು ಬೇರೆ ಮೊಳೆ ಕೂರಿಸಿದರೆ ಮಾತು ಬದಲಾಗುತ್ತದೆ. ಆಸಿಡ್ಡಿನಲ್ಲಿ ಕೊರೆದ ಮೂಗು ಹಾಗೆ ಬದಲಾಗೋದಿಲ್ಲ. ಕ್ರುಯಿಕ್‌ಶಾಂಕ್‌ನ ಫೇಗಿನ್ ಹಾಗೇ ಉಳಿದ. ಕಿಟಕಿಯಲ್ಲಿ ಇಣುಕುವ ಇಬ್ಬರ ಚಿತ್ರದ ಕೆಳಗೆ 'ಮಾಂಕ್ಸ್ ಮತ್ತು ಆ ಯಹೂದಿ' ಅನ್ನುವ ಶೀರ್ಷಿಕೆಯೂ ಹಾಗೇ ಉಳಿಯಿತು. ಲೇಖಕ ಹಿಂದೆ ತೆಗೆದುಕೊಂಡ ಮಾತನ್ನು ಚಿತ್ರ ಇವತ್ತಿಗೂ ಹೇಳುತ್ತಿದೆ.

ಅಷ್ಟಕ್ಕೇ ಮುಗಿಯಲಿಲ್ಲ. 1948ರಲ್ಲಿ ಡೇವಿಡ್ ಲೀನ್ ಈ ಕಥೆಯನ್ನು ಸಿನಿಮಾ ಮಾಡಿದ. ಫೇಗಿನ್ ಆದ ಅಲೆಕ್ ಗಿನ್ನೆಸ್‌ಗೆ ಕ್ರುಯಿಕ್‌ಶಾಂಕ್‌ನ ಚಿತ್ರ ನೋಡಿಯೇ ದೊಡ್ಡ ಮೂಗು ಅಂಟಿಸಿದರು. ಹಿಟ್ಲರನ ಶಿಬಿರಗಳಲ್ಲಿ ಲಕ್ಷಗಟ್ಟಲೆ ಯಹೂದಿಗಳು ಸತ್ತು ಮೂರೇ ವರ್ಷವಾಗಿತ್ತು. 1949ರಲ್ಲಿ ಬರ್ಲಿನ್ನಿನಲ್ಲಿ ಸಿನಿಮಾ ಬಂದಾಗ ಯಹೂದಿಗಳು ಬೀದಿಗಿಳಿದು ಪ್ರತಿಭಟಿಸಿದರು. ಅಮೆರಿಕದಲ್ಲಿ 1951ರವರೆಗೆ ಬಿಡುಗಡೆಯಾಗಲಿಲ್ಲ, ಆದದ್ದೂ ಕತ್ತರಿ ಪ್ರಯೋಗದ ನಂತರ. ಸಿನಿಮಾ ಮಾಡಿದವರು ದ್ವೇಷದಿಂದ ಹಾಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಮೂಲಕ್ಕೆ ನಿಷ್ಠರಾಗಿದ್ದೇವೆ ಅಂತ ಅವರು ನಂಬಿದ್ದರು. ಆದರೆ ಯಾವ ಮೂಲಕ್ಕೆ? ಡಿಕನ್ಸ್ ತಿದ್ದಿದ ಮಾತಿಗಲ್ಲ, ಯಾರೂ ತಿದ್ದದ ಚಿತ್ರಕ್ಕೆ.

ನಾವು ಕೇಳಬೇಕಾದ ಪ್ರಶ್ನೆಗಳು

ಇದು ನಮಗೆ ದೂರದ ವಿಷಯ ಅಲ್ಲ ಅನ್ನೋದು ನಿಮಗೆ ಈಗಾಗಲೇ ಹೊಳೆದಿರಬೇಕು. ಯಾವುದೋ ಸುದ್ದಿಗೆ ಸಂಬಂಧವೇ ಇಲ್ಲದ ಟೋಪಿ, ಗಡ್ಡ, ಬುರ್ಖಾದ ಫೋಟೋ ಹಾಕಿರುವುದನ್ನು ನಾವೆಲ್ಲ ನೋಡಿದ್ದೇವೆ. ಸುದ್ದಿ ತಪ್ಪಾದರೆ ಮರುದಿನ ಎರಡು ಸಾಲಿನ ತಿದ್ದುಪಡಿ ಬರಬಹುದು, ನೋಡಿದವರ ಕಣ್ಣಿನಲ್ಲಿ ಕೂತ ಫೋಟೋಗೆ ತಿದ್ದುಪಡಿ ಬರೋದಿಲ್ಲ. ಹಾಗಂತ ನಾವು ಬರೀ ದೂರುವವರಾಗಿಯೂ ಉಳಿಯಬಾರದು. ನಾವು ಹೇಳುವ ಕಥೆಗಳಲ್ಲಿ, ಜೋಕುಗಳಲ್ಲಿ, ಶಾಲೆಯ ನಾಟಕಗಳಲ್ಲಿ ಬೇರೆಯವರ ಮುಖ ಹೇಗಿರುತ್ತದೆ? ಬಡ್ಡಿ ಸಾಹುಕಾರ, ಮನೆಗೆಲಸದವಳು, ಊರಾಚೆಯವರು ಬಂದರೆ ನಾವು ಯಾವ ವೇಷ ಹಾಕಿಸುತ್ತೇವೆ? ಆ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು.

ವಿದ್ಯಾರ್ಥಿಗಳಿಗೆ ನನ್ನದೊಂದು ಸಲಹೆ. ಚಿತ್ರವಿರುವ ಹಳೆಯ ಕಾದಂಬರಿ ಸಿಕ್ಕರೆ ಚಿತ್ರವನ್ನು ಅಲಂಕಾರ ಅಂತ ದಾಟಿಹೋಗಬೇಡಿ, ಅದನ್ನೂ ಓದಿ. ಇದನ್ನು ಬರೆದವರು ಯಾರು? ಮೊದಲ ಓದುಗನಿಗೆ ಇದು ಕಥೆಗೆ ಮುಂಚೆ ಕಂಡಿತಾ, ಆಮೇಲೆ ಕಂಡಿತಾ? ಬರಹ ಹೇಳದ ಯಾವ ಮಾತನ್ನು ಇದು ಹೇಳುತ್ತಿದೆ? ಬರಹ ಬದಲಾದಾಗ ಚಿತ್ರವೂ ಬದಲಾಯಿತಾ? ಈ ನಾಲ್ಕು ಪ್ರಶ್ನೆ ಕೇಳಿದರೆ ಚಿತ್ರದ ಮಾತು ಕೇಳಿಸಲು ಶುರುವಾಗುತ್ತದೆ.

ನಾನು ಮರುದಿನ ತರಗತಿಯಲ್ಲಿ ಮಾಡಿದ್ದು ಇಷ್ಟೇ. ಆ ಚಿತ್ರದ ಮೇಲೆ ಬಿಳಿ ಕಾಗದ ಮುಚ್ಚಲು ಹೇಳಿ, ಪಾಠ ಓದಿಸಿದೆ. ಆಮೇಲೆ, "ಫೇಗಿನ್ ಕೆಟ್ಟವನು ಯಾಕೆ?" ಅಂತ ಕೇಳಿದೆ. ಹಸಿದ ಮಕ್ಕಳಿಗೆ ಊಟ ಹಾಕಿ, ಪ್ರೀತಿ ತೋರಿಸಿ, ಅವರಿಂದ ಕಳ್ಳತನ ಮಾಡಿಸುತ್ತಾನೆ ಅಂತ ಮಕ್ಕಳೇ ಹೇಳಿದರು. "ಹಾಗಾದರೆ ಅಂಥವನ ಚಿತ್ರ ನೀವೇ ಬರೆಯಿರಿ" ಅಂದೆ.

ಮೂವತ್ತೆಂಟು ಮಕ್ಕಳು ಮೂವತ್ತೆಂಟು ಮುಖ ಬರೆದರು. ಆ ಹುಡುಗಿಯ ಫೇಗಿನ್‌ಗೆ ಗಡ್ಡ ಇರಲಿಲ್ಲ. ಇಸ್ತ್ರಿ ಮಾಡಿದ ಶರ್ಟು, ಬಾಚಿದ ಕೂದಲು, ಮುಖದಲ್ಲಿ ನಗು. ಒಂದು ಕೈಯಲ್ಲಿ ವಡಾಪಾವ್, ಇನ್ನೊಂದರಲ್ಲಿ ಮೊಬೈಲು. "ಇವನ್ಯಾರು?" ಅಂತ ಕೇಳಿದೆ. "ಇವನು ಹೇಗೂ ಇರಬಹುದಲ್ವಾ ಟೀಚರ್" ಅಂದಳು.